ಹೆಣ್ಣು ಎಂದರೆ 0.85: ತೂಕ, ಕಿಡ್ನಿ ಮತ್ತು ಅಳತೆಗೋಲಿನ ಚರಿತ್ರೆ

ನಾಗಪುರದ ವಿಧಾನಭವನದ ಹತ್ತಿರ ಮರಳುಗಲ್ಲಿನ ಒಂದು ಕಂಬವಿದೆ. ಪಕ್ಕದಲ್ಲಿ ನಾಲ್ಕು ಕುದುರೆಗಳ ಗೊಂಬೆ. ಊರಿನವರು ಆ ಜಾಗವನ್ನು ಝೀರೋ ಮೈಲ್ ಎನ್ನುತ್ತಾರೆ, ಈಗ ಮೆಟ್ರೋ ನಿಲ್ದಾಣಕ್ಕೂ ಅದೇ ಹೆಸರು. ಬ್ರಿಟಿಷರ ಕಾಲದ ಸರ್ವೆಯವರು ಬಿಟ್ಟುಹೋದ ಗುರುತು ಇದು. ಇಂಡಿಯಾದ ನಟ್ಟನಡು ಇದೇ ಎಂದು ನೋಡಲು ಬಂದವರಿಗೆ ಹೇಳುತ್ತಾರೆ. ನಕಾಶೆಯೇ ಬದಲಾದ ದೇಶದಲ್ಲಿ ನಟ್ಟನಡು ಯಾವುದು ಎಂದು ಕೇಳಬಾರದು, ಅಷ್ಟೇ.

ಆ ಸರ್ವೆಯ ಬೇರು ಕನ್ನಡ ನೆಲದಲ್ಲಿದೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನ ಬಳಿ ನೆಲದ ಮೇಲೆ ಸರಪಳಿ ಹಾಸಿ ಏಳು ಮೈಲಿಗೂ ಮಿಕ್ಕ ಒಂದು ನೇರ ಗೆರೆ ಅಳೆದ. ಮುಂದೆ ಇಡೀ ದೇಶವನ್ನು ತ್ರಿಕೋನಗಳಲ್ಲಿ ಹೆಣೆದ ದೊಡ್ಡ ಕೆಲಸಕ್ಕೆ ಇದೇ ನಾಂದಿ. ಕಚೇರಿಯನ್ನು ಹೈದರಾಬಾದಿನಿಂದ ನಾಗಪುರಕ್ಕೆ ಸಾಗಿಸುವ ದಾರಿಯಲ್ಲಿ, 1823ರ ಜನವರಿಯಲ್ಲಿ, ಅವನು ಹಿಂಗನಘಾಟಿನಲ್ಲಿ ತೀರಿಕೊಂಡ. ಇವತ್ತಿಗೂ ಅವನ ಗೋರಿ ಅಲ್ಲಿದೆ. ಸರಪಳಿ ಹಿಡಿದ ಆ ಜನಕ್ಕೆ ಚೆನ್ನಾಗಿ ಗೊತ್ತಿದ್ದ ಸಂಗತಿಯೊಂದಿದೆ: ಮೊದಲ ಗೆರೆ ಒಂದು ಗೇಣು ತಪ್ಪಿದರೆ, ಅದರ ಮೇಲೆ ಕಟ್ಟಿದ ತ್ರಿಕೋನಗಳೆಲ್ಲ ಆ ತಪ್ಪನ್ನು ಹೊತ್ತುಕೊಂಡೇ ಮುಂದೆ ಹೋಗುತ್ತವೆ.

ಮನುಷ್ಯನ ಮೈಯನ್ನು ಅಳೆಯುವಾಗಲೂ ಹೀಗೇ ಒಂದು ಮೊದಲ ಗೆರೆ ಇರುತ್ತದೆ. ಅದನ್ನು ಯಾರ ಮೈಮೇಲೆ ಎಳೆದರು ಎಂಬುದು ಲ್ಯಾಬಿನ ಚೀಟಿಯಲ್ಲಿ ಅಚ್ಚಾಗುವುದಿಲ್ಲ.

ನಾಗಪುರದ ಯಾವುದೋ ಲ್ಯಾಬಿನಲ್ಲಿ 55 ವರ್ಷದ ಗಂಡ, ಅದೇ ವಯಸ್ಸಿನ ಹೆಂಡತಿ ರಕ್ತ ಕೊಟ್ಟರು ಎಂದುಕೊಳ್ಳಿ. ಇಬ್ಬರದೂ ಕ್ರಿಯಾಟಿನಿನ್ 1.2. ಚೀಟಿಯಲ್ಲಿ ಅದು ನಾರ್ಮಲ್ ಎಂಬ ಸಾಲಿನ ಅಂಚಿಗೆ ಬಂದು ನಿಂತ ಅಂಕಿ, ಹೆಚ್ಚಿನವರು ಮಡಚಿ ಜೇಬಿಗಿಟ್ಟುಕೊಳ್ಳುತ್ತಾರೆ. ಆದರೆ 2021ರಲ್ಲಿ ಪರಿಷ್ಕರಿಸಿದ ಸೂತ್ರಕ್ಕೆ ಅದೇ 1.2 ಅನ್ನು ಹಾಕಿ ನೋಡಿದರೆ ಗಂಡನ ಕಿಡ್ನಿಗಳು ನಿಮಿಷಕ್ಕೆ ಸುಮಾರು 71 ಮಿಲಿಲೀಟರ್ ಸೋಸುತ್ತಿವೆ, ಹೆಂಡತಿಯವು ಸುಮಾರು 53. ಅರವತ್ತಕ್ಕಿಂತ ಕೆಳಗಿಳಿದು ಮೂರು ತಿಂಗಳು ಅಲ್ಲೇ ನಿಂತರೆ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತಾರೆ. ಒಂದೇ ಅಂಕಿ, ಒಬ್ಬರು ಗೆರೆಯ ಈಚೆ, ಇನ್ನೊಬ್ಬರು ಆಚೆ. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ಹೆಂಗಸರಿಗೆ ಸ್ನಾಯು ಕಡಿಮೆ, ಹಾಗಾಗಿ ಕಿಡ್ನಿ ಸೋತಿದ್ದರೂ ರಕ್ತದಲ್ಲಿ ಅದು ಅಷ್ಟಾಗಿ ಏರುವುದಿಲ್ಲ. ಬೊಜ್ಜು ಬಂದು ಸ್ನಾಯು ಸವೆದ ಹೆಂಗಸಿನಲ್ಲಿ ಇನ್ನೂ ಕಡಿಮೆ. ತೂಕ ಹೆಚ್ಚಾದರೆ ಗಂಡಸಿನ ಕಿಡ್ನಿಗೆ ಹೆಚ್ಚು ಪೆಟ್ಟೋ ಹೆಂಗಸಿನ ಕಿಡ್ನಿಗೋ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರೆಲ್ಲ ಇಂಥ ಅಂಕಿಗಳ ಮೇಲೆಯೇ ನಡೆಯಬೇಕಾಯಿತು.

ತೂಕದ ಅಳತೆಯಿಂದಲೇ ಶುರುಮಾಡೋಣ. ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಖಗೋಳವಿಜ್ಞಾನಿ. ಆಕಾಶ ನೋಡುವವರು ಹತ್ತು ಸಲ ಅಳೆದು ಸರಾಸರಿ ತೆಗೆಯುತ್ತಾರಲ್ಲ, ಅದೇ ಪದ್ಧತಿಯನ್ನು ಅವನು ಮನುಷ್ಯರ ಮೇಲೆ ತಂದ. 1835ರ ಅವನ ಪುಸ್ತಕದ ನಾಯಕ 'ಸರಾಸರಿ ಮನುಷ್ಯ'. ಬೆಳೆದವರ ತೂಕ ಎತ್ತರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂದು ಅವನು ಗಮನಿಸಿದ್ದ. ಗಂಡು ಹೆಣ್ಣುಗಳನ್ನು ಬೇರೆಬೇರೆಯಾಗಿ ತೂಗಿಯೂ ಇದ್ದ, ಆ ಮಟ್ಟಿಗೆ ಅವನ ಮೇಲೆ ದೂರಿಲ್ಲ. ಕಾಯಿಲೆಯ ಗೊಡವೆ ಅವನಿಗೆ ಇರಲಿಲ್ಲ.

ಆ ಭಾಗಾಕಾರವನ್ನು ಎತ್ತಿಕೊಂಡು ಹೆಸರಿಟ್ಟವನು ಅಮೆರಿಕದ ಆನ್ಸೆಲ್ ಕೀಸ್. 1972ರಲ್ಲಿ ಅವನೂ ಸಂಗಡಿಗರೂ ಐದು ದೇಶಗಳ 7,424 ಜನರ ತೂಕ, ಎತ್ತರ, ಚರ್ಮದಡಿಯ ಕೊಬ್ಬು ಹೋಲಿಸಿ, ಇರುವ ಸೂಚಿಗಳಲ್ಲಿ ಇದೇ ವಾಸಿ ಎಂದು ತೀರ್ಮಾನಿಸಿ ಬಾಡಿ ಮಾಸ್ ಇಂಡೆಕ್ಸ್ ಎಂದು ಕರೆದರು. ಇವತ್ತು ಜಿಮ್ಮಿನ ಗೋಡೆಯಿಂದ ವಿಮೆಯ ಅರ್ಜಿಯವರೆಗೆ ಕಾಣುವ ಬಿಎಂಐ ಅದೇ. ಆ 7,424 ಮಂದಿಯೂ ಗಂಡಸರು. ಒಬ್ಬ ಹೆಂಗಸೂ ಇರಲಿಲ್ಲ. ಆ ಐದು ದೇಶಗಳಲ್ಲಿ ಇಂಡಿಯಾವೂ ಇರಲಿಲ್ಲ. ಒಂದೇ ಬಿಎಂಐ ಇರುವ ಗಂಡು ಹೆಣ್ಣುಗಳಲ್ಲಿ ಹೆಣ್ಣಿನ ಮೈಯಲ್ಲಿ ಕೊಬ್ಬಿನ ಪಾಲು ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟು ಹೆಚ್ಚು. ಅಂದರೆ ಆ ಸೂಚಿ ಇಬ್ಬರಲ್ಲಿ ಎರಡು ಬೇರೆ ವಸ್ತುಗಳನ್ನು ಅಳೆಯುತ್ತದೆ. ಕೀಸ್ ಮೋಸ ಮಾಡಲಿಲ್ಲ, ಯಾರನ್ನು ಅಳೆದೆವು ಎಂದು ಬರೆದೇ ಇದ್ದ. ಓದಿದವರು ಅದನ್ನು ಮರೆತರು.

ಕೀಸ್‌ಗಿಂತ ಕಾಲು ಶತಮಾನ ಮೊದಲೇ ಒಬ್ಬ ವೈದ್ಯ ಈ ಗಂಟನ್ನು ಸರಿಯಾದ ತುದಿಯಿಂದ ಹಿಡಿದಿದ್ದ. ಫ್ರಾನ್ಸಿನ ಬಂದರು ಪಟ್ಟಣ ಮಾರ್ಸೇಯ ಝಾನ್ ವಾಗ್, 1947ರಲ್ಲಿ ಒಂದು ಲೇಖನ ಪ್ರಕಟಿಸಿದ. ಬೊಜ್ಜಿನಲ್ಲಿ ಎರಡು ಬಗೆ ಎಂಬುದು ಅವನ ವಾದ. ಒಂದು ಹೊಟ್ಟೆ, ಎದೆ, ಕತ್ತಿನ ಸುತ್ತ ಕೂಡುವುದು, ಹೆಚ್ಚಾಗಿ ಗಂಡಸರಲ್ಲಿ. ಇನ್ನೊಂದು ಸೊಂಟದ ಕೆಳಗೆ, ತೊಡೆಯಲ್ಲಿ ಕೂಡುವುದು, ಹೆಚ್ಚಾಗಿ ಹೆಂಗಸರಲ್ಲಿ. ತೂಕ ಎಷ್ಟು ಎಂಬುದಕ್ಕಿಂತ ಕೊಬ್ಬು ಎಲ್ಲಿ ಕೂತಿದೆ ಎಂಬುದು ಮುಖ್ಯ, ಹೆಂಗಸಿಗೂ ಗಂಡಸಿನ ಬಗೆಯ ಬೊಜ್ಜು ಬಂದರೆ ಗಂಡಸಿನ ಕಾಯಿಲೆಗಳೇ ಬರುತ್ತವೆ ಎಂದ. 1956ರಲ್ಲಿ ಇಂಗ್ಲಿಷಿನಲ್ಲಿ ಬರೆದ ಲೇಖನದ ತಲೆಬರಹದಲ್ಲೇ ಆ ಕಾಯಿಲೆಗಳ ಪಟ್ಟಿ ಕೊಟ್ಟ: ಸಕ್ಕರೆ ಕಾಯಿಲೆ, ರಕ್ತನಾಳ ಗಡುಸಾಗುವುದು, ಗೌಟ್, ಯೂರಿಕ್ ಆಮ್ಲದ ಕಲ್ಲು. ಗಂಡು ಹೆಣ್ಣಿನ ಕೊಬ್ಬಿನ ವ್ಯತ್ಯಾಸದ ಜೊತೆಗೆ ಮೂತ್ರದ ಕಲ್ಲು ಹೀಗೆ ಒಂದೇ ಸಾಲಿನಲ್ಲಿ ಸೇರಿತು. ಯಾರೂ ಕಿವಿಗೊಡಲಿಲ್ಲ. 1984ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನವರು 792 ಗಂಡಸರನ್ನೂ 1,462 ಹೆಂಗಸರನ್ನೂ ಹನ್ನೆರಡು ಹದಿಮೂರು ವರ್ಷ ಹಿಂಬಾಲಿಸಿದ ಲೆಕ್ಕ ಪ್ರಕಟಿಸಿ, ಹೃದಯಾಘಾತದ ಸುಳಿವು ಕೊಡುವುದು ತೂಕಕ್ಕಿಂತ ಸೊಂಟ ಮತ್ತು ನಿತಂಬದ ಅನುಪಾತ ಎಂದು ತೋರಿಸಿದ ಮೇಲೆಯೇ ವಾಗ್‌ನ ಹೆಸರು ಮತ್ತೆ ಕೇಳಿಬಂತು.

ವಾಗ್‌ನ ಲೇಖನ ಬಂದ 1947ರಲ್ಲೇ ನಾಗಪುರದ ಸರ್ಕಾರಿ ಮೆಡಿಕಲ್ ಕಾಲೇಜು ಶುರುವಾಯಿತು. ಅದಕ್ಕೂ ಮುಂಚೆ ಊರಿನಲ್ಲಿ ಇದ್ದದ್ದು ರಾಬರ್ಟ್‌ಸನ್ ಮೆಡಿಕಲ್ ಸ್ಕೂಲು, ಮೇಯೋ ಆಸ್ಪತ್ರೆ. ಹೆಂಗಸರಿಗೆ ಬೇರೆಯೇ ಬಾಗಿಲು: ಸ್ಕಾಟ್ಲೆಂಡಿನ ಮಿಷನ್‌ನವರ ಮ್ಯೂರ್ ಮೆಮೋರಿಯಲ್, ಆಮೇಲೆ ಡಾಗಾ ಸ್ತ್ರೀ ಆಸ್ಪತ್ರೆ. ಗೋಷಾ ಇದ್ದ ಕಾಲದಲ್ಲಿ ಹೆಂಗಸರು ಗಂಡು ಡಾಕ್ಟರ ಬಳಿ ಹೋಗುತ್ತಿರಲಿಲ್ಲ, ಹಾಗಾಗಿ ಈ ಆಸ್ಪತ್ರೆಗಳು ಬೇಕೇ ಬೇಕಿದ್ದವು, ಸಾವಿರಾರು ಜೀವ ಉಳಿಸಿದವು. ಆದರೆ ಹೆಂಗಸಿನ ಕಾಯಿಲೆ ಎಂದರೆ ಬಸಿರು ಬಾಣಂತನ ಎಂಬ ತಿಳಿವಳಿಕೆ ಕಟ್ಟಡದ ಗೋಡೆಗಳಲ್ಲೇ ಸೇರಿಹೋಯಿತು. ಹೆಂಗಸಿನ ಮೂತ್ರವನ್ನು ಪರೀಕ್ಷೆ ಮಾಡುತ್ತಿದ್ದದ್ದೂ ಬಸಿರಿನಲ್ಲೇ. ಕಾಲು ಊದಿದೆಯೇ, ಪ್ರೋಟೀನ್ ಹೋಗುತ್ತಿದೆಯೇ, ರಕ್ತದೊತ್ತಡ ಏರಿದೆಯೇ ಎಂದು ನೋಡುತ್ತಿದ್ದರು. ಹೆರಿಗೆಯಾಗಿ ಊತ ಇಳಿದರೆ ಕಿಡ್ನಿಯ ಮಾತು ಅಲ್ಲಿಗೆ ಮುಗಿಯಿತು. ಬಸಿರಿನಲ್ಲಿ ಹೀಗೆ ಒತ್ತಡ ಏರಿದವರಿಗೆ ಮುಂದಿನ ದಶಕಗಳಲ್ಲಿ ಕಿಡ್ನಿ ಕಾಯಿಲೆಯ ಅಪಾಯ ಹೆಚ್ಚು ಎಂಬುದು ಬಹಳ ತಡವಾಗಿ ತಿಳಿದ ಸಂಗತಿ.

ತೂಕ ಕಿಡ್ನಿಯನ್ನು ಕೆಡಿಸುವ ಬಗೆ ಹೇಗೆ? ಒಂದೊಂದು ಕಿಡ್ನಿಯಲ್ಲೂ ಸುಮಾರು ಹತ್ತು ಲಕ್ಷ ನೆಫ್ರಾನ್‌ಗಳಿವೆ. ಪ್ರತಿಯೊಂದರ ತಲೆಯಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳ ಒಂದು ಉಂಡೆ, ರಕ್ತ ಸೋಸುವ ಜರಡಿ. ಹುಟ್ಟುವಾಗ ಎಷ್ಟು ಬಂತೋ ಅಷ್ಟೇ, ಆಮೇಲೆ ಹೊಸದು ಹುಟ್ಟುವುದಿಲ್ಲ. ಮೈ ದೊಡ್ಡದಾದಂತೆ ಅಷ್ಟೇ ಜರಡಿಗಳು ಹೆಚ್ಚು ಕೆಲಸ ಮಾಡಬೇಕು. ಒತ್ತಡ ಏರುತ್ತದೆ, ಉಂಡೆ ಹಿಗ್ಗುತ್ತದೆ, ಜರಡಿಯ ಹೊರಮೈಗೆ ಅಂಟಿ ಕೂತ ಕೋಶಗಳು ಹಿಗ್ಗಿದಷ್ಟು ಹರಡಲಾರದೆ ಕಳಚಿಕೊಳ್ಳುತ್ತವೆ. ಪ್ರೋಟೀನ್ ಸೋರುತ್ತದೆ, ಕೊನೆಗೆ ಆ ಜಾಗ ಗಾಯದ ಕಲೆಯಂತೆ ಗಡುಸಾಗುತ್ತದೆ. ಇದರ ಮೊದಲ ಘಟ್ಟದಲ್ಲಿ ಲ್ಯಾಬಿನ ಅಂಕಿ ಚೆನ್ನಾಗಿಯೇ ಕಾಣುತ್ತದೆ, ಏಕೆಂದರೆ ಕಿಡ್ನಿ ಆಗ ಅಗತ್ಯಕ್ಕಿಂತ ಹೆಚ್ಚು ಸೋಸುತ್ತಿರುತ್ತದೆ. ಸಾಲ ಮಾಡಿ ಮದುವೆ ಮಾಡಿದ ಮನೆಯ ಹಾಗೆ, ಹೊರಗಿನಿಂದ ನೋಡಿದರೆ ಸಿರಿ.

1974ರಲ್ಲಿ ಅಮೆರಿಕದ ವೈದ್ಯರು ವಿಪರೀತ ಬೊಜ್ಜಿನ ನಾಲ್ವರಲ್ಲಿ ಮೂತ್ರದಲ್ಲಿ ಭಾರಿ ಪ್ರಮಾಣದ ಪ್ರೋಟೀನ್ ಹೋಗುತ್ತಿದ್ದುದನ್ನೂ, ತೂಕ ಇಳಿದಾಗ ಅದು ಇಳಿದದ್ದನ್ನೂ ವರದಿ ಮಾಡಿದರು. 1982ರಲ್ಲಿ ಬ್ಯಾರಿ ಬ್ರೆನರ್ ಮತ್ತು ಸಂಗಡಿಗರು ಅತಿಯಾಗಿ ಸೋಸುವುದೇ ಕಿಡ್ನಿಯನ್ನು ಸವೆಸುತ್ತದೆ ಎಂಬ ಸಿದ್ಧಾಂತ ಮಂಡಿಸಿದರು. 2001ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ತಮ್ಮಲ್ಲಿದ್ದ 6,818 ಕಿಡ್ನಿ ಬಯಾಪ್ಸಿಗಳನ್ನು ತಿರುವಿ ಹಾಕಿದರು. ಬೊಜ್ಜಿನಿಂದಲೇ ಆದ ಈ ಕಾಯಿಲೆಯ ಪಾಲು ಹದಿನೈದು ವರ್ಷದಲ್ಲಿ ಶೇ. 0.2ರಿಂದ ಶೇ. 2ಕ್ಕೆ ಏರಿತ್ತು.

ಗಂಡಸಿಗೋ ಹೆಂಗಸಿಗೋ ಎಂಬ ಪ್ರಶ್ನೆ ನಿಜವಾಗಿ ಕಾವು ಪಡೆದದ್ದು ಇದರ ನಂತರ. ಉತ್ತರಗಳು ಒಂದಕ್ಕೊಂದು ಸೇರಲಿಲ್ಲ.

ಜಪಾನಿನ ಒಕಿನಾವಾದಲ್ಲಿ 1983ರಲ್ಲಿ ತಪಾಸಣೆಗೆ ಬಂದಿದ್ದ ಒಂದು ಲಕ್ಷಕ್ಕೂ ಮೀರಿದ ಜನರನ್ನು 2000ದವರೆಗೆ ಹಿಂಬಾಲಿಸಿದರು. 404 ಜನ ಡಯಾಲಿಸಿಸ್ ಹಂತಕ್ಕೆ ಬಂದರು. ಗಂಡಸರಲ್ಲಿ ಬಿಎಂಐ ಏರಿದಂತೆ ಆ ಅಪಾಯ ಏರಿತು, ಹೆಂಗಸರಲ್ಲಿ ಏರಲಿಲ್ಲ. 2004ರಲ್ಲಿ ಇದು ಪ್ರಕಟವಾದಾಗ ಹೆಂಗಸರು ಬಚಾವು ಎಂದೇ ಕಂಡಿತು. ಎರಡು ವರ್ಷದ ನಂತರ ಸ್ವೀಡನ್ನಿನಿಂದ ಬಂದ ಅಧ್ಯಯನ 926 ರೋಗಿಗಳನ್ನು 998 ಆರೋಗ್ಯವಂತರ ಜೊತೆ ಹೋಲಿಸಿತು. ಇಪ್ಪತ್ತರ ವಯಸ್ಸಿಗೇ ತೂಕ ಹೆಚ್ಚಿದ್ದವರಿಗೆ ಅಪಾಯ ಮೂರು ಪಟ್ಟು. ಗಂಡಸರಲ್ಲಿ ಬಿಎಂಐ 30 ದಾಟಿದರೆ ಮೂರು ನಾಲ್ಕು ಪಟ್ಟು, ಹೆಂಗಸರಲ್ಲಿ ಅಷ್ಟೇ ಅಪಾಯಕ್ಕೆ 35 ದಾಟಬೇಕು. ಈ ಅಧ್ಯಯನದವರು ಒಂದು ಜಾಣತನ ಮಾಡಿದ್ದರು: ರೋಗಿ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವ ಕ್ರಿಯಾಟಿನಿನ್ ಗೆರೆಯನ್ನೇ ಗಂಡಸರಿಗೆ 3.4, ಹೆಂಗಸರಿಗೆ 2.8 ಎಂದು ಬೇರೆಬೇರೆ ಇಟ್ಟಿದ್ದರು. ಅಷ್ಟಾದರೂ ವ್ಯತ್ಯಾಸ ಉಳಿಯಿತು.

2008ರಲ್ಲಿ ಇದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ಲೆಕ್ಕ ಮಾಡಿದವರಿಗೆ ಸಿಕ್ಕಿದ್ದು ತಿರುಗುಮುರುಗು. ಬೊಜ್ಜಿನ ಗಂಡಸರಿಗೆ ಕಿಡ್ನಿ ಕಾಯಿಲೆಯ ಅಪಾಯ 1.49 ಪಟ್ಟು, ಬೊಜ್ಜಿನ ಹೆಂಗಸರಿಗೆ 1.92 ಪಟ್ಟು. ಕೈಗಾರಿಕಾ ದೇಶಗಳಲ್ಲಿ ಗಂಡಸರ ಕಿಡ್ನಿ ಕಾಯಿಲೆಯಲ್ಲಿ ಶೇ. 13.8, ಹೆಂಗಸರದ್ದರಲ್ಲಿ ಶೇ. 24.9 ಪಾಲನ್ನು ಹೆಚ್ಚು ತೂಕದ ಖಾತೆಗೆ ಹಾಕಬಹುದು ಎಂದು ಅವರು ಬರೆದರು.

ಒಕಿನಾವಾ ಸುಳ್ಳೇ? ಅಲ್ಲ. ಎರಡೂ ಕಡೆ ಎಣಿಸಿದ್ದು ಬೇರೆಬೇರೆ. ಒಕಿನಾವಾದವರು ಡಯಾಲಿಸಿಸ್‌ಗೆ ಬಂದವರನ್ನು ಎಣಿಸಿದರು, ಒಟ್ಟು ಲೆಕ್ಕದವರು ಕಾಯಿಲೆಯ ಎಲ್ಲ ಹಂತಗಳನ್ನೂ ಸೇರಿಸಿದರು. ಲೋಕದಲ್ಲಿ ಕಿಡ್ನಿ ಕಾಯಿಲೆ ಇರುವವರಲ್ಲಿ ಹೆಂಗಸರು ಹೆಚ್ಚು, ಡಯಾಲಿಸಿಸ್ ಕುರ್ಚಿಯಲ್ಲಿ ಕೂತವರಲ್ಲಿ ಗಂಡಸರು ಹೆಚ್ಚು. ಇದಕ್ಕೆ ಒಂದು ಕಾರಣ ಮೈಯದು. ಗಂಡಸರಲ್ಲಿ ಕಾಯಿಲೆ ಬೇಗ ಮುಂದುವರಿಯುತ್ತದೆ. ಈಸ್ಟ್ರೋಜನ್ ಕಿಡ್ನಿಯನ್ನು ಸ್ವಲ್ಪ ಮಟ್ಟಿಗೆ ಕಾಯುತ್ತದೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ, ಮುಟ್ಟು ನಿಂತ ಮೇಲೆ ಆ ಕಾವಲು ಹೋಗುತ್ತದೆ, ತೊಡೆಯ ಕೊಬ್ಬು ಹೊಟ್ಟೆಗೆ ಜಾಗ ಬದಲಿಸುತ್ತದೆ. ವಾಗ್ ಹೇಳಿದ್ದ ಮೊದಲ ಬಗೆ ಆಗ ಹೆಂಗಸಿಗೂ ಬರುತ್ತದೆ. ಐವತ್ತರ ಹೆಂಗಸನ್ನೂ ಇಪ್ಪತ್ತೈದರ ಹೆಂಗಸನ್ನೂ ಒಂದೇ ಕಂಬದಲ್ಲಿ ಕೂಡಿಸಿದ ಅಧ್ಯಯನಗಳು ಪರಸ್ಪರ ಜಗಳವಾಡಿದ್ದರಲ್ಲಿ ಆಶ್ಚರ್ಯವಿಲ್ಲ. ಇನ್ನೊಂದು ಕಾರಣ ಮೈಯದಲ್ಲ, ಮನೆಯದು. ಯಾರನ್ನು ಆಸ್ಪತ್ರೆಗೆ ಕರೆತಂದರು, ಯಾರಿಗೆ ವಾರಕ್ಕೆ ಎರಡು ಮೂರು ಸಲ ಆಟೋ ಹಿಡಿದು ಡಯಾಲಿಸಿಸ್‌ಗೆ ಹೋಗುವಷ್ಟು ದುಡ್ಡೂ ಜೊತೆಗೆ ಬರುವ ಜನರೂ ಇದ್ದರು ಎಂಬುದು.

ಈಗ ತಲೆಬರಹದ ಅಂಕಿಗೆ ಬರೋಣ. 1976ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಇಬ್ಬರು ವೈದ್ಯರು, ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್, ವಯಸ್ಸು, ತೂಕ, ಕ್ರಿಯಾಟಿನಿನ್ ಇಷ್ಟರಿಂದ ಕಿಡ್ನಿಯ ಶಕ್ತಿ ಲೆಕ್ಕ ಹಾಕುವ ಸೂತ್ರ ಕೊಟ್ಟರು. ಇಡೀ ದಿನದ ಮೂತ್ರ ಹಿಡಿಯುವ ಕಷ್ಟ ತಪ್ಪಿತು. ಔಷಧಿಯ ಪ್ರಮಾಣ ನಿಗದಿ ಮಾಡಲು ದಶಕಗಟ್ಟಲೆ ಡಾಕ್ಟರುಗಳು ಇದನ್ನೇ ನೆಚ್ಚಿಕೊಂಡರು, ಈಗಲೂ ಬಳಕೆಯಲ್ಲಿದೆ. ಸೂತ್ರ ಕಟ್ಟಿದ್ದು 249 ರೋಗಿಗಳ ಮೇಲೆ. ಆಸ್ಪತ್ರೆ ನಿವೃತ್ತ ಸೈನಿಕರದ್ದು, ಆದ್ದರಿಂದ ನೂರಕ್ಕೆ ತೊಂಬತ್ತಾರು ಗಂಡಸರು. ಹೆಂಗಸರಿಗೆ? ಬಂದ ಉತ್ತರವನ್ನು 0.85ರಿಂದ ಗುಣಿಸಿಕೊಳ್ಳಿ ಎಂದರು. ಹೆಂಗಸರನ್ನು ಅಳೆದು ಪಡೆದ ಅಂಕಿಯಲ್ಲ ಅದು, ಸ್ನಾಯು ಇಷ್ಟು ಕಡಿಮೆ ಇರಬಹುದು ಎಂಬ ಅಂದಾಜು. ಸುಮಾರಾಗಿ ಸರಿಯಿತ್ತು, ಅದನ್ನು ಒಪ್ಪಬೇಕು. ಆದರೆ ಈ ಸೂತ್ರದಲ್ಲಿ ತೂಕ ಹೆಚ್ಚಿದಂತೆ ಕಿಡ್ನಿಯ ಶಕ್ತಿಯೂ ಹೆಚ್ಚುತ್ತದೆ! ಸೈನಿಕನ ತೂಕದಲ್ಲಿ ಸ್ನಾಯು ಎಷ್ಟಿತ್ತೋ, ಬೊಜ್ಜಿನ ಗೃಹಿಣಿಯ ತೂಕದಲ್ಲಿ ಅಷ್ಟಿಲ್ಲ. ಅವಳ ಕೊಬ್ಬನ್ನು ಸೂತ್ರ ಸ್ನಾಯು ಎಂದು ಓದುತ್ತದೆ, ಇಲ್ಲದ ಶಕ್ತಿಯನ್ನು ಇದೆ ಎನ್ನುತ್ತದೆ.

ಆಮೇಲೆ ಬಂದ ಸೂತ್ರಗಳು ತೂಕವನ್ನು ಕೈಬಿಟ್ಟವು, ಹೆಂಗಸರ ದತ್ತಾಂಶವನ್ನೂ ಸೇರಿಸಿಕೊಂಡವು. ಅವುಗಳಲ್ಲಿ ಇನ್ನೊಂದು ಹಳೆಯ ಗೂಟ ಉಳಿದಿದೆ. ವರದಿಯಲ್ಲಿ ಅಂಕಿಯ ಮುಂದೆ '1.73 ಚದರ ಮೀಟರಿಗೆ' ಎಂದಿರುತ್ತದೆ. 1920ರ ದಶಕದಲ್ಲಿ, ಇಪ್ಪತ್ತೈದು ವರ್ಷದ ಅಮೆರಿಕನ್ನರ ಮೈಚರ್ಮದ ಸರಾಸರಿ ವಿಸ್ತೀರ್ಣ ಎಂದು ಹಿಡಿದದ್ದು ಅದು. ಆ ವಿಸ್ತೀರ್ಣ ಲೆಕ್ಕ ಹಾಕುವ 1916ರ ಡುಬೋಯ್ ಸೂತ್ರ ನಿಂತದ್ದು ಬರೀ ಒಂಬತ್ತು ಜನರ ಅಳತೆಯ ಮೇಲೆ. 155 ಸೆಂಟಿಮೀಟರ್ ಎತ್ತರದ, ನೂರು ಕಿಲೋ ತೂಕದ ಹೆಂಗಸಿನ ವಿಸ್ತೀರ್ಣ ಇದರ ಪ್ರಕಾರ ಸುಮಾರು 1.97. ಅವಳ ಕಿಡ್ನಿಗಳು ನಿಜವಾಗಿ ನಿಮಿಷಕ್ಕೆ 137 ಮಿಲಿಲೀಟರ್ ಸೋಸುತ್ತ ಏದುಸಿರು ಬಿಡುತ್ತಿದ್ದರೂ, 1.73ಕ್ಕೆ ಹೊಂದಿಸಿದ ವರದಿ 120 ಎನ್ನುತ್ತದೆ. 120 ಎಂದರೆ ಭೇಷ್. ಕಾಯಿಲೆಯ ಮೊದಲ ಘಟ್ಟ ಅತಿಯಾಗಿ ಸೋಸುವುದು ಎಂದಾದರೆ, ಆ ಘಟ್ಟವನ್ನೇ ಈ ಭಾಗಾಕಾರ ಅಳಿಸಿಹಾಕಿತು.

ನಮ್ಮ ಕಡೆಯ ಮೈಗಳ ವಿಷಯ ಬಂದಾಗ ಇದಕ್ಕೆ ಇನ್ನೊಂದು ಪದರ ಸೇರುತ್ತದೆ. ನಾಗಪುರ ಇರುವ ಮಹಾರಾಷ್ಟ್ರದಲ್ಲೇ, ಪುಣೆಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಸಂಗಡಿಗರು ಸುತ್ತಲ ಹಳ್ಳಿಗಳ ಕೂಸುಗಳನ್ನು ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸುಗಳ ಜೊತೆ ಹೋಲಿಸಿ 2003ರಲ್ಲಿ ಬರೆದರು. ನಮ್ಮ ಕೂಸು 2.7 ಕಿಲೋ, ಅಲ್ಲಿಯದು 3.5. ತೂಕ, ಸ್ನಾಯು, ಹೊಟ್ಟೆಯೊಳಗಿನ ಅಂಗಗಳು ಸಣ್ಣವು, ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಿಲ್ಲ. 2004ರಲ್ಲಿ ಯಾಜ್ಞಿಕ್ ತಮ್ಮ ಬ್ರಿಟಿಷ್ ಸಹೋದ್ಯೋಗಿ ಯುಡ್ಕಿನ್ ಜೊತೆ ನಿಂತ ಫೋಟೋ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಇಬ್ಬರದೂ ಬಿಎಂಐ 22.3. ಮೈಕೊಬ್ಬು ಯುಡ್ಕಿನ್‌ರದ್ದು ಶೇ. 9.1, ಯಾಜ್ಞಿಕ್‌ರದ್ದು ಶೇ. 21.2. ಬಿಎಂಐಯನ್ನು ನಂಬಬೇಡಿ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಚಿತ್ರ ಇಲ್ಲ. ಚಿತ್ರದಲ್ಲಿ ಇರುವವರು ಇಬ್ಬರೂ ಗಂಡಸರು ಎಂಬುದು ಬೇರೆ ಮಾತು.

ಇಂಥ ಅಧ್ಯಯನಗಳಿಗೆ ದಾರಿ ಮಾಡಿಕೊಟ್ಟ ಹಳೆಯ ಕಡತಗಳು ಮೈಸೂರಿನಲ್ಲಿವೆ. 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯೂ ನಾಗಪುರದ ಮ್ಯೂರ್ ಮೆಮೋರಿಯಲ್‌ನಂತೆ ಹೆಂಗಸರಿಗಾಗಿ ಮಿಷನ್‌ನವರು ಕಟ್ಟಿದ್ದು, ಮೈಸೂರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ. ಅಲ್ಲಿನ ಹೆರಿಗೆ ವಾರ್ಡಿನಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. 1990ರ ದಶಕದಲ್ಲಿ ಸಂಶೋಧಕರು ಆ ದಾಖಲೆ ಹಿಡಿದು, ಆಗಿನ ಕೂಸುಗಳನ್ನು ನಡುವಯಸ್ಸಿನವರಾಗಿ ಹುಡುಕಿ ತೆಗೆದರು. ಹುಟ್ಟುವಾಗಿನ ಮೈಗೂ ಮುಂದೆ ಬರುವ ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆಗೂ ಇರುವ ನಂಟು ಈ ದೇಶದಲ್ಲಿ ಮೊದಮೊದಲು ಕಂಡದ್ದು ಹೀಗೆ. ಹೆಂಗಸರ ಆಸ್ಪತ್ರೆಯ ದಾದಿಯರು ತಕ್ಕಡಿ ನೋಡಿ ಬರೆದ ಅಂಕಿಗಳು ಅರವತ್ತು ವರ್ಷದ ಮೇಲೆ ಉಪಯೋಗಕ್ಕೆ ಬಂದವು. ಕಿಡ್ನಿಗೂ ಇದು ಸೇರಿದ ಮಾತು. ಸಣ್ಣಗೆ ಹುಟ್ಟಿದ ಕೂಸಿಗೆ ನೆಫ್ರಾನ್‌ಗಳೂ ಕಡಿಮೆ, ಬ್ರೆನರ್ 1988ರಲ್ಲಿ ಈ ಎಳೆಯನ್ನೂ ಎತ್ತಿದ್ದ. ಗಂಡು ಹೆಣ್ಣುಗಳಲ್ಲಿ ಹೆಣ್ಣಿಗೆ ಇನ್ನೂ ಸ್ವಲ್ಪ ಕಡಿಮೆ. ಕಡಿಮೆ ಜರಡಿ ಹೊತ್ತು ಹುಟ್ಟಿದವಳು ನಲವತ್ತರಲ್ಲಿ ತೂಕ ಏರಿಸಿಕೊಂಡರೆ ಹೊರೆ ಎರಡೂ ಕಡೆಯಿಂದ.

2019ರಿಂದ 2021ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಬಿಎಂಐ ಪ್ರಕಾರ ತೂಕ ಹೆಚ್ಚಿರುವ ಹೆಂಗಸರು ಶೇ. 24, ಗಂಡಸರು ಶೇ. 22.9. ಹೆಚ್ಚುಕಡಿಮೆ ಸಮ. ಅದೇ ಸಮೀಕ್ಷೆಯವರು ಮೊದಲ ಸಲ ಟೇಪು ಹಿಡಿದು ಸೊಂಟ, ನಿತಂಬ ಅಳೆದರು. ಆ ಅನುಪಾತದ ಪ್ರಕಾರ ಅಪಾಯದ ಗೆರೆ ದಾಟಿದ ಹೆಂಗಸರು ಶೇ. 56.7, ಗಂಡಸರು ಶೇ. 47.7. ತಕ್ಕಡಿ ಸಮ ಎಂದದ್ದನ್ನು ಟೇಪು ಒಪ್ಪಲಿಲ್ಲ. ಹೆಂಗಸರ ಅಪಾಯದ ಗೆರೆ ಇಲ್ಲಿಯೂ 0.85, ಇದಕ್ಕೂ ಆ ಸೂತ್ರಕ್ಕೂ ಸಂಬಂಧವಿಲ್ಲ, ಕಾಕತಾಳೀಯ.

ಇಷ್ಟೆಲ್ಲ ಅಳತೆಯ ಜಗಳ ಕಾಗದದ ಮೇಲಿನದು ಎನ್ನುವಂತಿಲ್ಲ. ಕಿಡ್ನಿ ದಾನದ ಕೋಣೆಯಲ್ಲಿ ಅದಕ್ಕೆ ಜೀವ ಬರುತ್ತದೆ. ಮಹಾರಾಷ್ಟ್ರದಲ್ಲಿ ಅಂಗಾಂಗ ಕಸಿಯ ಉಸ್ತುವಾರಿಗೆ ನಾಲ್ಕು ವಲಯ ಕೇಂದ್ರಗಳಿವೆ, ವಿದರ್ಭಕ್ಕೆ ನಾಗಪುರ. ಸತ್ತವರ ಅಂಗಗಳನ್ನು ಸರದಿಯಂತೆ ಹಂಚುವ ಕೆಲಸ ಅಲ್ಲಿಂದ ನಡೆಯುತ್ತದೆ. ಆದರೆ ಈ ದೇಶದಲ್ಲಿ ಕಸಿಯಾಗುವ ಕಿಡ್ನಿಗಳಲ್ಲಿ ಬಹುಪಾಲು ಬದುಕಿರುವವರು ಕೊಟ್ಟದ್ದು, ಕೊಡುವವರಲ್ಲಿ ಹೆಂಡತಿ, ತಾಯಿ, ಅಕ್ಕತಂಗಿಯರೇ ಹೆಚ್ಚು. ರಾಷ್ಟ್ರೀಯ ಕಸಿ ಸಂಸ್ಥೆಯ ಅಂಕಿಗಳ ಪ್ರಕಾರ 1995ರಿಂದ 2021ರವರೆಗೆ ಅಂಗ ಪಡೆದವರಲ್ಲಿ ಐದರಲ್ಲಿ ನಾಲ್ವರು ಗಂಡಸರು. 52,273 ರೋಗಿಗಳನ್ನು ದಾಖಲಿಸಿ 2012ರಲ್ಲಿ ಪ್ರಕಟವಾದ ಭಾರತದ ಕಿಡ್ನಿ ಕಾಯಿಲೆ ನೋಂದಣಿಯಲ್ಲೂ ಗಂಡು ಹೆಣ್ಣಿನ ಅನುಪಾತ 70ಕ್ಕೆ 30. ಹೆಂಗಸರಿಗೆ ಕಾಯಿಲೆ ಅಷ್ಟು ಕಡಿಮೆ ಎಂದಲ್ಲ, ನೋಂದಣಿಯವರೆಗೆ ಬಂದವರು ಕಡಿಮೆ.

ಒಂದು ಕಿಡ್ನಿ ತೆಗೆದ ಮೇಲೆ ಉಳಿದದ್ದು ಹೆಚ್ಚು ಸೋಸಲೇಬೇಕು. ಅದರ ಮೇಲೆ ತೂಕವೂ ಕೂತರೆ ಏನಾದೀತು ಎಂಬುದನ್ನು ಸ್ಪೇನಿನ ಮಾನ್ಯುಯೆಲ್ ಪ್ರಾಗಾ ಮತ್ತು ಸಂಗಡಿಗರು 2000ದಲ್ಲಿ ತೋರಿಸಿದರು. ಬೇರೆಬೇರೆ ಕಾಯಿಲೆಗಳಿಗಾಗಿ ಒಂದು ಕಿಡ್ನಿ ತೆಗೆಸಿಕೊಂಡಿದ್ದ 73 ಜನರನ್ನು ಅವರು ನೋಡಿದರು. ಬಿಎಂಐ 30 ದಾಟಿದ್ದ 14 ಜನರಲ್ಲಿ 13 ಮಂದಿಗೆ ಮುಂದೆ ಮೂತ್ರದಲ್ಲಿ ಪ್ರೋಟೀನ್ ಸೋರಿಕೆಯೋ ಕಿಡ್ನಿಯ ಸೋಲೋ ಬಂತು. ಉಳಿದ 59 ಜನರಲ್ಲಿ ಏಳು ಮಂದಿಗೆ ಮಾತ್ರ. ಸಣ್ಣ ಅಧ್ಯಯನ, ಅವರು ರೋಗಿಗಳು, ದಾನಿಗಳಲ್ಲ ಎಂಬ ತಕರಾರು ಇತ್ತು. 2017ರಲ್ಲಿ ಅಮೆರಿಕದ 1,19,769 ಕಿಡ್ನಿ ದಾನಿಗಳ ಲೆಕ್ಕ ಬಂದಾಗ ಆ ತಕರಾರೂ ಸಡಿಲವಾಯಿತು. ಬೊಜ್ಜಿದ್ದ ದಾನಿಗಳ ಕಿಡ್ನಿ ಪೂರ್ತಿ ಸೋಲುವ ಅಪಾಯ ಬೊಜ್ಜಿಲ್ಲದ ದಾನಿಗಳಿಗಿಂತ ಶೇ. 86 ಹೆಚ್ಚು. ಒಟ್ಟು ಅಪಾಯ ಕಡಿಮೆಯೇ, ಇಪ್ಪತ್ತು ವರ್ಷದಲ್ಲಿ ಹತ್ತು ಸಾವಿರ ಬೊಜ್ಜಿನ ದಾನಿಗಳಲ್ಲಿ ನೂರಕ್ಕಿಂತ ತುಸು ಕಡಿಮೆ ಮಂದಿ. ಕಿಡ್ನಿ ಕೊಡುವುದೇ ತಪ್ಪು ಎಂದು ಇದನ್ನು ಓದಬಾರದು. ಆದರೆ ಅಮೆರಿಕದಲ್ಲಿ ಬೊಜ್ಜು ಎಂದರೆ ಬಿಎಂಐ 30ರ ಮೇಲೆ. ನಮ್ಮಲ್ಲಿ 2009ರ ತಜ್ಞರ ಒಮ್ಮತ ಆ ಗೆರೆಯನ್ನು 25ಕ್ಕೆ ಇಳಿಸಿತು, ಸೊಂಟದ ಗೆರೆಯನ್ನು ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಎಂದು ಇಟ್ಟಿತು. ಬಿಎಂಐ 27 ಇರುವ, ಸೊಂಟ 92 ಇರುವ ನಲವತ್ತೈದರ ಹೆಂಡತಿ ಗಂಡನಿಗೆ ಕಿಡ್ನಿ ಕೊಡಲು ಬಂದಾಗ ಅವಳು ಬೊಜ್ಜಿನ ದಾನಿಯೋ ಅಲ್ಲವೋ ಎಂಬುದು ಯಾವ ಪುಸ್ತಕ ಬಿಚ್ಚಿದರು ಎಂಬುದರ ಮೇಲೆ ನಿಲ್ಲುತ್ತದೆ. ಅವಳಿಗೆ ಬಸಿರಿನಲ್ಲಿ ರಕ್ತದೊತ್ತಡ ಏರಿತ್ತೇ ಎಂದು ಕೇಳುವುದೂ ಮುಖ್ಯ, ಕೇಳಿದರೆ ಉತ್ತರ ಕೊಡಬೇಕಾದ ಹೆರಿಗೆಯ ಕಡತ ಇಪ್ಪತ್ತು ವರ್ಷದ ಹಿಂದಿನದು, ಬೇರೊಂದು ಆಸ್ಪತ್ರೆಯದು.

ವಿಶ್ವ ಕಿಡ್ನಿ ದಿನ ಮಾರ್ಚ್ ತಿಂಗಳ ಎರಡನೇ ಗುರುವಾರ ಬರುತ್ತದೆ. 2017ರಲ್ಲಿ ಅದರ ವಿಷಯ ಬೊಜ್ಜು. 2018ರಲ್ಲಿ ಅದು ಮಾರ್ಚ್ 8ಕ್ಕೇ, ಮಹಿಳಾ ದಿನದಂದೇ ಬಂದದ್ದರಿಂದ ವಿಷಯ ಹೆಂಗಸರ ಆರೋಗ್ಯ. ಎರಡು ವರ್ಷ, ಎರಡು ಭಿತ್ತಿಪತ್ರ. ಎರಡನ್ನೂ ಒಂದೇ ಹಾಳೆಯಲ್ಲಿ ತಂದ ವರ್ಷ ಇನ್ನೂ ಬಂದಿಲ್ಲ. 2024ರಲ್ಲಿ, ತೂಕ ಇಳಿಸುವುದಕ್ಕೆ ಹೆಸರಾದ ಸೆಮಾಗ್ಲೂಟೈಡ್ ಸಕ್ಕರೆ ಕಾಯಿಲೆಯವರ ಕಿಡ್ನಿಯನ್ನೂ ಕಾಯುತ್ತದೆ ಎಂದು ತೋರಿಸಿದ ದೊಡ್ಡ ಪ್ರಯೋಗ ಪ್ರಕಟವಾಯಿತು. ಕಿಡ್ನಿ ಸೋಲುವುದೂ ಸೇರಿದ ಗಂಭೀರ ಘಟನೆಗಳು ಶೇ. 24 ಇಳಿದವು, ನಿಜಕ್ಕೂ ಸಂತೋಷದ ಸುದ್ದಿ. 3,533 ಜನರ ಆ ಪ್ರಯೋಗದಲ್ಲಿ ಹೆಂಗಸರು ಮೂರರಲ್ಲಿ ಒಂದು ಪಾಲಿಗೂ ಕಡಿಮೆ.

ದಾನಿಯ ವಿಷಯದಲ್ಲಿ ಸೂತ್ರವನ್ನಷ್ಟೇ ನಂಬುವುದಿಲ್ಲ ಎಂಬುದು ಸಮಾಧಾನದ ಸಂಗತಿ. ಕೈಗೆ ಸೂಜಿ ಚುಚ್ಚಿ, ವಿಕಿರಣದ ಗುರುತು ಇರುವ ದ್ರವ ಬಿಟ್ಟು, ಕ್ಯಾಮೆರಾದ ಕೆಳಗೆ ಮಲಗಿಸಿ ಎರಡೂ ಕಿಡ್ನಿಗಳು ಎಷ್ಟೆಷ್ಟು ಸೋಸುತ್ತವೆ ಎಂದು ನೋಡುತ್ತಾರೆ. ಡಿಟಿಪಿಎ ಸ್ಕ್ಯಾನ್ ಎನ್ನುವುದು ಇದಕ್ಕೇ. ಅಂದಾಜಲ್ಲ, ಅವಳದೇ ಮೈಯ ಅಳತೆ. ವರದಿ ಕೈಗೆ ಬಂದಾಗ ಒಟ್ಟು ಅಂಕಿಯ ಪಕ್ಕದಲ್ಲಿ ಇನ್ನೊಂದು ಅಂಕಿ ಇರುತ್ತದೆ, 1.73ಕ್ಕೆ ಹೊಂದಿಸಿದ್ದು.